ಅನ್ನ ಬಿಟ್ಟ ಜಕ್ಕಲೆಯ ಮೂರು ಒಗಟು

"ಕೇಳಿ, ಕೇಳಿ! ನೀಲಗಡದ ಬಿಜ್ಜರಸ ಮಹಾರಾಜರ ಅಪ್ಪಣೆ! ರಾಜಕುಮಾರಿ ಜಕ್ಕಲೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಬೀದಿ ದಾಟಿ ಹೋದ. ಪಲ್ಲಕ್ಕಿ ಹೊರುವ ಬೊಮ್ಮ ತನ್ನ ಗುಡಿಸಲ ಬಾಗಿಲಲ್ಲಿ ನಿಂತೇ ಇದ್ದ. ಒಲೆ ಹಚ್ಚಿರಲಿಲ್ಲ. ಹಚ್ಚುವ ತಾಯಿ ಅರಮನೆಯ ನೆಲಮಾಳಿಗೆಯಲ್ಲಿ ಸೆರೆಯಾಗಿದ್ದಳು.

ಆದದ್ದು ಹೀಗೆ. ರಾಣಿ ತೀರಿಕೊಂಡ ಮೇಲೆ ಜಕ್ಕಲೆಯ ಮೈ ಭಾರವಾಗುತ್ತ ಬಂತು. ರಾಜವೈದ್ಯರು ಅನ್ನ, ರಾಗಿ, ಬೆಲ್ಲ, ಹಣ್ಣು ಎಲ್ಲ ಬಿಡಿಸಿದರು. ಮಾಂಸ, ತುಪ್ಪ, ಕೆನೆ, ಬಾದಾಮಿಯನ್ನು ಬೇಕಾದಷ್ಟು ತಿನ್ನಬಹುದು ಎಂದರು. ಮೊದಮೊದಲು ಮೈ ಇಳಿಯಿತು, ಅರಮನೆಯಲ್ಲಿ ಸಿಹಿ ಹಂಚಿದರು. ಆಮೇಲೆ ಇಳಿದದ್ದೆಲ್ಲ ತಿರುಗಿ ಬಂತು, ಮೊದಲಿಗಿಂತ ಹೆಚ್ಚಾಗಿಯೇ ಬಂತು. ಯಾರೋ ಕದ್ದು ಅನ್ನ ಹಾಕುತ್ತಿದ್ದಾರೆ ಎಂದು ಅರಸ ಸಿಟ್ಟಾದ. ಅಡುಗೆಯ ಪುಟ್ಟವ್ವನ ಮೇಲೆ ಅನುಮಾನ ಬಿತ್ತು. ಅವಳೇ ಬೊಮ್ಮನ ತಾಯಿ.

"ಒಂದು ಅಗುಳೂ ನನ್ನ ಬಾಯಿಗೆ ಹೋಗಿಲ್ಲ ಅಪ್ಪಾಜಿ," ಎಂದು ಜಕ್ಕಲೆ ಎಷ್ಟು ಹೇಳಿದರೂ ಅರಸ ನಂಬಲಿಲ್ಲ. ಕೊನೆಗೆ ಅವಳೆಂದಳು: "ನನ್ನ ಸಂಕಟವನ್ನು ಒಗಟು ಮಾಡಿ ಕೇಳುತ್ತೇನೆ. ಬಿಡಿಸುವವನೊಬ್ಬ ಬರುವವರೆಗೆ ಪುಟ್ಟವ್ವನನ್ನು ಗಲ್ಲಿಗೇರಿಸಬೇಡಿ." ಅರಸ ಒಪ್ಪಿದ. ಮಗಳು ಬೇಡವೆಂದರೂ ತಲೆದಂಡದ ಮಾತನ್ನು ಸೇರಿಸಿದವನು ಅವನೇ.

ಮೊದಲು ಬಂದವನು ಪಕ್ಕದ ರಾಜ್ಯದ ಯುವರಾಜ. ಜಕ್ಕಲೆ ಕೇಳಿದಳು: "ಅನ್ನಕ್ಕೆ ಬಾಗಿಲು ಹಾಕಿದೆ, ಬೆಲ್ಲಕ್ಕೆ ಬಾಗಿಲು ಹಾಕಿದೆ. ಆದರೂ ಒಬ್ಬ ಕಳ್ಳ ಒಳಗೆ ಬಂದ. ನಾನೇ ಬೆಳ್ಳಿ ಬಟ್ಟಲಿಟ್ಟು ಕೂರಿಸಿದೆ. ಯಾರವನು?"

"ಅಡುಗೆಯವಳು," ಎಂದ ಯುವರಾಜ. ಸಂಜೆಗೆ ಅವನ ಕುದುರೆ ಬರಿ ಬೆನ್ನಲ್ಲಿ ಊರಿಗೆ ಹಿಂತಿರುಗಿತು.

ಎರಡನೆಯವನು ದಂಡನಾಯಕನ ಮಗ. ಅವನು ಅದೇ ಒಗಟು ಕೇಳಿ, ಜಕ್ಕಲೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮದೇ ನಾಲಗೆಯ ಆಸೆ," ಎಂದ. ಸಭೆಯಲ್ಲಿ ಕೆಲವರು ಮುಸಿಮುಸಿ ನಕ್ಕರು. ಜಕ್ಕಲೆ ತಲೆ ತಗ್ಗಿಸಿದಳು. ಆದರೂ ಅವನನ್ನು ಎಳೆದೊಯ್ಯುವಾಗ, "ಬಿಟ್ಟುಬಿಡಿ ಅಪ್ಪಾಜಿ," ಎಂದು ಅತ್ತವಳು ಅವಳೊಬ್ಬಳೇ.

ಆಮೇಲೆ ಯಾರೂ ಬರಲಿಲ್ಲ. ಕಾದು ಬೇಸತ್ತ ಅರಸ, ಅಮಾವಾಸ್ಯೆಗೆ ಪುಟ್ಟವ್ವನಿಗೆ ಗಲ್ಲು ಎಂದು ಸಾರಿದ. ಬೊಮ್ಮ ಮೈ ತೊಳೆದು, ಮಡಿ ಪಂಚೆಯುಟ್ಟು ಸಭೆಗೆ ಬಂದ.

"ನಿನಗೆ ರಾಜಕುಮಾರಿ ಬೇಕೇನೋ?" ಎಂದ ಅರಸ.

"ನನ್ನವ್ವ ಬೇಕು ಬುದ್ಧಿ."

ಜಕ್ಕಲೆ ಅದೇ ಒಗಟು ಕೇಳಿದಳು. ಬೊಮ್ಮ ನೆಲ ನೋಡುತ್ತ ಹೇಳಿದ: "ತುಪ್ಪ ತಾಯಿ. ಕೆನೆ, ಬಾದಾಮಿ. ಕಾವಲಿಟ್ಟದ್ದು ಅನ್ನಕ್ಕೆ ಮಾತ್ರ. ಇವಕ್ಕೆ ಮಿತಿಯೇ ಇಲ್ಲ ಅಂದರು. ಅವೂ ಮೈಗೆ ಹತ್ತುತ್ತವೆ."

"ಸರಿ. ಎರಡನೆಯದು. ತಕ್ಕಡಿಗೆ ಸಿಗದ ಹೊರೆ. ಹಗಲು ಕೈಯನ್ನು ಬಟ್ಟಲಿಗೆ ಎಳೆಯುತ್ತದೆ, ಮಲಗಿದರೆ ನಿದ್ದೆ ಕೊಡುವುದಿಲ್ಲ. ಏನದು?"

ಹೇಳಿದರೆ ಅರಸನಿಗೆ ನೋಯುತ್ತದೆ ಎಂದು ಬೊಮ್ಮನಿಗೆ ಅನಿಸಿತು, ಆದರೂ ಹೇಳಿದ. "ರಾಣಿಯಮ್ಮ ಹೋದ ದುಃಖ, ತಾಯಿ. ಪಲ್ಲಕ್ಕಿಯ ಪರದೆಯೊಳಗೆ ನೀವು ಅಳೋದು ಹೊರುವವರಿಗೆ ಕೇಳಿಸುತ್ತೆ."

ಅರಸ ಮುಖ ತಿರುಗಿಸಿಕೊಂಡ.

"ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ," ಎಂದಳು ಜಕ್ಕಲೆ. ಅವಳ ದನಿ ಒಡಕಾಗಿತ್ತು. "ಬೇಸಿಗೆಯಲ್ಲಿ ನನಗೆ ಚಳಿ. ಬಾಚಿದರೆ ಕೂದಲು ಕೈಗೆ ಬರುತ್ತದೆ. ಬಟ್ಟಲು ದೂರವಿಟ್ಟು ಉಪವಾಸ ಬಿದ್ದರೂ ಮೈ ಊದುತ್ತದೆ. ಒಳಗೆ ಕೂತು ನನ್ನನ್ನು ಎಲ್ಲರೆದುರು ಸುಳ್ಳಿ ಮಾಡಿರುವುದು ಯಾವುದು?"

ಬೊಮ್ಮನ ಕಣ್ಣಲ್ಲಿ ನೀರಾಡಿತು. "ಕಾಯಿಲೆ ತಾಯಿ. ನನ್ನಕ್ಕ ಸಣ್ಣಿಗೂ ಹೀಗೇ ಆಗಿತ್ತು. ಚಳಿ, ಸುಸ್ತು, ಊದಿದ ಮುಖ. ಗಂಡನ ಮನೆಯವರು ತಿಂದು ಕೊಬ್ಬಿದಳು ಅಂತ ಊಟ ಕಿತ್ತುಕೊಂಡರು. ಕೊನೆಗೆ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿದಾಗ ಎಲ್ಲರಿಗೂ ಅರ್ಥವಾಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು, ಅವಳು ಉಳಿಯಲಿಲ್ಲ. ವೈದ್ಯರಿಂದ ನಿಮ್ಮ ಕುತ್ತಿಗೆ ಮುಟ್ಟಿಸಿ ನೋಡಿ."

ರಾಜವೈದ್ಯರು ಎದ್ದು ಬಂದು ಜಕ್ಕಲೆಯ ಕಂಠಿಹಾರ ಸರಿಸಿ, ಗಂಟಲ ಮೇಲೆ ಬೆರಳಿಟ್ಟರು. ಅವರ ಮುಖ ಬಿಳಿಚಿತು. "ಬಾವು ಇದೆ ಪ್ರಭು. ನಾನು ತಟ್ಟೆ ನೋಡಿದೆ, ಇವರನ್ನು ನೋಡಲಿಲ್ಲ."

"ಹಾಗಾದರೆ ನಾನು ಸುಳ್ಳು ಹೇಳಿರಲಿಲ್ಲ," ಎಂದಳು ಜಕ್ಕಲೆ. ಅದನ್ನೇ ಇನ್ನೊಮ್ಮೆ ಹೇಳಿದಳು. ಅರಸ ಸಿಂಹಾಸನದಿಂದಿಳಿದು ಮಗಳ ಕೈ ಹಿಡಿದುಕೊಂಡ.

ಬೊಮ್ಮ ಮದುವೆಯನ್ನೂ ಅರ್ಧ ರಾಜ್ಯವನ್ನೂ ಕೈಮುಗಿದು ಬೇಡವೆಂದ. ಅರಸ ಅವನಿಗೆ ಹೊಳೆದಂಡೆಯ ಗದ್ದೆ, ಹೆಂಚಿನ ಮನೆ ಕೊಟ್ಟ. ತಲೆದಂಡದ ಅಪ್ಪಣೆ ಅಂದೇ ರದ್ದಾಯಿತು. ಸತ್ತ ಇಬ್ಬರ ಮನೆಗಳಿಗೆ ಅರಸನೇ ಹೋದ. ಒಂದು ಮನೆಯವರು ಬಾಗಿಲು ತೆಗೆಯಲಿಲ್ಲ.

ಕಡಲತೀರದಿಂದ ಔಷಧಿ ಬಲ್ಲವಳೊಬ್ಬಳನ್ನು ಕರೆಸಿದರು. ಜಕ್ಕಲೆಯ ಚಳಿ ಬಿಟ್ಟಿತು, ದನಿ ತಿಳಿಯಾಯಿತು, ಮೈ ನಿಧಾನವಾಗಿ ಕೊಂಚ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಅದರ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸಭೆ ಮುಗಿದ ಆ ಮಧ್ಯಾಹ್ನವೇ ಪುಟ್ಟವ್ವನನ್ನು ನೆಲಮಾಳಿಗೆಯಿಂದ ಕರೆತಂದಿದ್ದರು. ಕತ್ತಲಲ್ಲಿದ್ದು ಅವಳ ಕಣ್ಣು ಮಂಜಾಗಿತ್ತು. ಮಗ ತೋಳು ಹಿಡಿದು ನಡೆಸಿದ. ಎದುರಿಗೆ ಯಾರೋ ನಿಂತು ಬಿಕ್ಕುತ್ತಿರುವುದು ಕೇಳಿ ಅವಳು ತಡವರಿಸುತ್ತ ಕೈ ಚಾಚಿದಳು.

"ಯಾರು, ಜಕ್ಕಮ್ಮನಾ? ಉಂಡೆಯೇನವ್ವಾ?"