ಯಾರಿಗೂ ತೋರಿಸದ ಜಾಗ

ಮೀನಿನ ದೋಣಿಯ ಮೇಲೆ ಕುಳಿತು ಕಾಗೆಯೊಂದು ಪುಟ್ಟ ದ್ವೀಪವನ್ನು ನೋಡಲು ಬಂತು. ಅಲ್ಲೇ ಹುಟ್ಟಿ ಬೆಳೆದ ಮಿಂಚುಳ್ಳಿಗೆ ಸಂಭ್ರಮವೋ ಸಂಭ್ರಮ.

“ಬನ್ನಿ, ದಂಡೆಯುದ್ದಕ್ಕೂ ಒಂದು ಸುತ್ತು ತೋರಿಸಿಕೊಂಡು ಬರುತ್ತೇನೆ,” ಎಂದು ಅದು ಮುಂದೆ ಹಾರಿತು. “ಇದು ಆನೆಬಂಡೆ. ಇದರ ಬೆನ್ನ ಮೇಲೆ ಅಲೆ ಹತ್ತುವುದನ್ನು ನೋಡಿ.”

“ಬಂಡೆ ನಮ್ಮೂರಲ್ಲೂ ಇದೆ,” ಎಂದಿತು ಕಾಗೆ.

“ಇದು ಶಂಖದ ಗುಹೆ. ಗಾಳಿ ಬಂದರೆ ಹಾಡುತ್ತದೆ.”

“ಹೂಂ. ಇಷ್ಟೇನಾ ನಿಮ್ಮ ದ್ವೀಪ?”

ಆ ಮಾತು ಮಿಂಚುಳ್ಳಿಗೆ ಚುಚ್ಚಿತು. “ಇಷ್ಟೇ ಎಲ್ಲಿ? ಯಾರಿಗೂ ತೋರಿಸದ್ದು ಇನ್ನೊಂದಿದೆ!” ಎಂದು ಅತಿಥಿಯನ್ನು ಬಂಡೆಯ ಬಿರುಕೊಂದಕ್ಕೆ ಕರೆದೊಯ್ದಿತು. ಕಡಲಹಕ್ಕಿಯೊಂದು ತನ್ನನ್ನು ನಂಬಿ ಹೇಳಿದ್ದ ಜಾಗ ಅದು. ಒಳಗೆ ಚುಕ್ಕೆ ಚುಕ್ಕೆಯ ಮೊಟ್ಟೆಗಳಿದ್ದವು.

ಕಾಗೆ ತಲೆದೂಗಿತು. “ಬಹಳ ಚೆನ್ನಾಗಿದೆ. ಬಂದದ್ದು ಸಾರ್ಥಕವಾಯಿತು.”

ಮಿಂಚುಳ್ಳಿ ಎದೆಯುಬ್ಬಿಸಿಕೊಂಡು ತನ್ನ ಕೊಂಬೆಗೆ ಮರಳಿತು.

ಸಂಜೆ ಕಡಲಹಕ್ಕಿ ಅಳುತ್ತ ಬಂತು. “ಅಣ್ಣಾ, ಮೀನಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಹೋಯಿತು. ಬರೀ ಚಿಪ್ಪು ಬಿದ್ದಿದೆ. ಈ ದಂಡೆಯ ಮೂಲೆ ಮೂಲೆಯೂ ನಿನಗೆ ಗೊತ್ತಲ್ಲ, ಕಳ್ಳ ಎಲ್ಲಿ ಅಡಗಿದ್ದಾನೋ ಹುಡುಕೋಣ ಬಾ.”

ಎರಡೂ ಹಾರಿದವು. ಆನೆಬಂಡೆ ಬಂತು, ಶಂಖದ ಗುಹೆ ಬಂತು. ಮಿಂಚುಳ್ಳಿ ಯಾವುದರ ಹೆಸರನ್ನೂ ಹೇಳಲಿಲ್ಲ. ದ್ವೀಪವನ್ನು ಪೂರ್ತಿ ಸುತ್ತಿ ಬಂದರೂ ಕಳ್ಳ ಸಿಗಲಿಲ್ಲ.

“ಹೋಗಲಿ ಬಿಡಣ್ಣಾ,” ಎಂದಿತು ಕಡಲಹಕ್ಕಿ. “ನೀನಾದರೂ ಜೊತೆಗೆ ಬಂದೆಯಲ್ಲ.”

ಮಿಂಚುಳ್ಳಿಗೆ ತಲೆಯೆತ್ತಿ ಅದರ ಮುಖ ನೋಡಲಾಗಲಿಲ್ಲ.