ಕೇಳದವನ ಹುಲ್ಲು

ಬಯಲುಸೀಮೆಯ ಹಿರೇಮಾಳ ಕಾವಲಿನಲ್ಲಿ ಈಗ ಹಟ್ಟಿಯ ಗೊಲ್ಲರೇ ಕೂಡಿ ಜಿಂಕೆ ಕಾಯುತ್ತಾರೆ. ಸಾವಿರಾರು ಎಕರೆ ಹುಲ್ಲುಗಾವಲು. ಯಾವ ತಿಂಗಳು ಎಲ್ಲಿ ದನ ಮೇಯಬೇಕು, ಎಲ್ಲಿ ಮೇಯಬಾರದು ಎಂದು ನಿರ್ಧರಿಸುವುದು ಅವರದೇ ಸಮಿತಿ. ಪೇಟೆಯವರು ಬಂದು ಎರಡು ದಿನ ಟೆಂಟು ಹಾಕಿಕೊಂಡಿದ್ದು ಕೃಷ್ಣಮೃಗಗಳನ್ನೂ ತೋಳಗಳನ್ನೂ ನೋಡಿಹೋಗುತ್ತಾರೆ. ಆದರೆ ಟೆಂಟನ್ನು ಮನಬಂದಲ್ಲಿ ಹಾಕುವಂತಿಲ್ಲ. ಕಾವಲಿನ ನಡುವೆ ದನಗಳು ನುಣ್ಣಗೆ ಮೇಯ್ದ ಗುಂಡನೆಯ ಬಯಲೊಂದಿದೆ, ಅದನ್ನು ಬೋಳು ಎನ್ನುತ್ತಾರೆ. ಅದರ ಅಂಚಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಬಂದವರು ಆ ಕಲ್ಲಿನೆದುರು ನಿಂತು, "ಎಲ್ಲಿ ಇಳೀಲಿ ಅವ್ವಾ?" ಎಂದು ಬಾಯಿಬಿಟ್ಟು ಕೇಳಬೇಕು. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತವರು ನಾಚಿಕೊಂಡು ಗೊಣಗಿದರೆ ಹಟ್ಟಿಯವರು ಬಿಡುವುದಿಲ್ಲ, ಇನ್ನೊಮ್ಮೆ ಕೇಳಿಸುತ್ತಾರೆ. ಬೋಳಿನ ಪಡುವಣಕ್ಕೆ ಹಳೆಯ ಹೊಂಗೆಮರವೊಂದರ ಸುತ್ತ ಎದೆಯೆತ್ತರದ ಹುಲ್ಲು ಒಣಗಿ ನಿಂತಿರುತ್ತದೆ. ಉಳಿದ ಕಾವಲೆಲ್ಲ ಮೇಯ್ದು ಮುಗಿದರೂ ಬೇಸಿಗೆಯಲ್ಲಿ ಅಲ್ಲಿಗೆ ಒಂದು ಕರುವನ್ನೂ ಬಿಡುವುದಿಲ್ಲ. ಆ ಜಾಗದ ಹೆಸರು ಕೇಳದವನ ಹುಲ್ಲು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕಾಟಯ್ಯನೆಂಬವನು ಈ ಕಾವಲಿನ ಕಿಲಾರಿಯಾಗಿದ್ದನಂತೆ. ಕಿಲಾರಿ ಎಂದರೆ ದನಗಳನ್ನೂ ಹುಲ್ಲನ್ನೂ ಕಾಯುವ ಹಿರಿಯ. ಬೇಸಿಗೆ ಕಾಲಿಡುವ ಮೊದಲೇ ಬೋಳನ್ನು ಮೇಯಿಸಿ ಮಣ್ಣು ಕಾಣುವಂತೆ ಮಾಡುವುದು ಅವನ ಕೆಲಸ; ಒಣಹುಲ್ಲಿಗೆ ಕಿಡಿ ಬಿದ್ದರೆ ಜೀವ ಉಳಿಯುವ ನೆಲ ಅದೊಂದೇ. ದಾರಿಹೋಕರು ಅವನನ್ನು ಕೇಳಿ ಡೇರೆ ಹೊಡೆಯುತ್ತಿದ್ದರು. ಕೇಳಿದವನು ವೈರಿಯಾದರೂ ಸರಿ, ಕಿಲಾರಿ ಸುಳ್ಳು ಹೇಳುವಂತಿರಲಿಲ್ಲ. ಕೋಲು ಹಿಡಿಯುವ ದಿನವೇ ಬಸವನ ಕೊಂಬು ಮುಟ್ಟಿ ಹಾಗೆಂದು ಆಣೆ ಮಾಡಿರುತ್ತಿದ್ದ. ಕೇಳದವನಿಗೆ ಹೇಳಲೇಬೇಕೆಂಬ ಹಂಗು ಮಾತ್ರ ಆ ಆಣೆಯಲ್ಲಿರಲಿಲ್ಲ.

ಒಂದು ಬೇಸಿಗೆ ಗಡಿಯಾಚೆಯ ಕೋಟೆಯಿಂದ ದಳವಾಯಿ ಕೆಂಚರಾಯ ಬೇಟೆಗೆ ಬಂದ. ಆ ಸಲ ಅವನು ಕ್ರಮವಾಗಿಯೇ ಕೇಳಿದ. ಕಾಟಯ್ಯ ಬೋಳು ತೋರಿಸಿದ, ಹಟ್ಟಿಯಿಂದ ಹಾಲು ತರಿಸಿದ. ಮರುದಿನ ದಳವಾಯಿ ಈಟಿ ಹಿಡಿದು ಒಂದು ಗಬ್ಬದ ಜಿಂಕೆಯ ಬೆನ್ನು ಹತ್ತಿದಾಗ ಅದೇ ಕಾಟಯ್ಯ ಕುದುರೆಗೆ ಅಡ್ಡ ನಿಂತ. "ಹೊಟ್ಟೇಲಿ ಮರಿ ಐತೆ ಬುದ್ಧಿ. ಮಳೆ ಬೀಳೋಗಂಟ ನಾವೂ ಹೊಡೆಯಲ್ಲ," ಎಂದು ಕೈಮುಗಿದ. ಕೆಂಚರಾಯ ಲಗಾಮು ಎಳೆಯಲಿಲ್ಲ. ಕುದುರೆಯನ್ನು ಅವನ ಮೇಲೆಯೇ ಹಾಯಿಸಿಕೊಂಡು ಹೋದ. ಸಂಜೆ ಹಿಂತಿರುಗುವಾಗ ಹಟ್ಟಿಯ ಬೇಲಿಯ ಬಾಯಲ್ಲಿ ಅದೇ ಜಿಂಕೆಯ ಒಂದು ತೊಡೆಯನ್ನು ಎಸೆದು, ಸತ್ತವನ ಹೆಂಡತಿಗೆ ಕೊಡಿರೆಂದು ಹೇಳಿಹೋದನಂತೆ. ಉಂಡ ಮನೆಗೆ ಎರಡು ಬಗೆದವರನ್ನು ನಮ್ಮ ಸೀಮೆ ಬಹಳ ಕಂಡಿದೆ; ಇಂಥವನನ್ನು ಕಂಡಿರಲಿಲ್ಲ. ಕಾಟಯ್ಯನ ಹೆಂಡತಿ ಮಾಳಕ್ಕ ಆ ತೊಡೆಯನ್ನು ಗಂಡನ ಪಕ್ಕದಲ್ಲೇ ಮಣ್ಣು ಮಾಡಿದಳು. ಅವಳು ಅಳಲಿಲ್ಲ. ಅತ್ತರೆ ಹೊಟ್ಟೆಯ ಉರಿ ಆರಿಹೋದೀತೆಂದು ಅವಳಿಗೆ ಭಯವಾಗಿತ್ತು.

ಮಕ್ಕಳಿಲ್ಲದ ಮನೆ, ಕಿಲಾರಿಯ ಕೋಲು ಯಾರಿಗೆಂಬ ಮಾತು ಬಂದಾಗ ಮಾಳಕ್ಕ ತಾನೇ ಎದ್ದು ಬಸವನ ಕೊಂಬು ಹಿಡಿದಳು. ಮೈದುನ ದಾಸಯ್ಯ ಬಿಸಿರಕ್ತದವನು. "ಅವನು ತಿರುಗಿ ಬಂದರೆ ಒಂದೇ ಬಾಣ ಸಾಕು ಅತ್ತಿಗೆ," ಎಂದ. "ಬಾಣ ಬಿಟ್ರೆ ನಾಳೆ ದಂಡು ಬಂದು ಹಟ್ಟಿ ಸುಡ್ತದೆ," ಎಂದಳು ಮಾಳಕ್ಕ. "ನೀನು ದನ ಹೊಡಿ, ಸಾಕು. ಪಡುವಲ ಹೊಂಗೆಮರದ ಕಡೆಗೆ ಮಾತ್ರ ಹೊಡೀಬ್ಯಾಡ." ಆ ವರ್ಷ ಮಳೆ ಚೆನ್ನಾಗಿತ್ತು. ಹೊಂಗೆಮರದ ಸುತ್ತ ಹುಲ್ಲು ಮಂಡಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು, ಒಣಗಿ ಹೊಂಬಣ್ಣಕ್ಕೆ ತಿರುಗಿತು. ಬೋಳನ್ನು ಅವಳು ಎಂದಿನಂತೆಯೇ ಮೇಯಿಸಿದಳು. ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಅವಳಿಗೆ ನಿದ್ದೆಗೆಡಿಸುವ ಚಿಂತೆ ಒಂದಿತ್ತು. ಹೋದ ಸಲ ಕೇಳಿದವನು ಈ ಸಲವೂ ಕೇಳಿಬಿಟ್ಟರೆ? ಕೇಳಿದರೆ ಬೋಳು ತೋರಿಸಲೇಬೇಕು, ಗಂಡನನ್ನು ತುಳಿದವನಿಗೆ ಹಾಲು ತರಿಸಲೇಬೇಕು. ಅವನ ನಾಲಿಗೆ ಏಳದಿರಲಪ್ಪಾ ಎಂದು ಅವಳು ಬೇಡದ ದೇವರಿಲ್ಲ ಎನ್ನುತ್ತಾರೆ.

ಚೈತ್ರದ ಒಂದು ಬೆಳಗ್ಗೆ ದಳವಾಯಿ ಬಂದೇಬಿಟ್ಟ. ಮಾಳಕ್ಕ ಬೋಳಿನ ಅಂಚಿನ ಕಲ್ಲಿನ ಮೇಲೆ ಕೋಲು ಹಿಡಿದು ಕುಳಿತಿದ್ದಳು. ಕಿಲಾರಿ ಈಗ ಇವಳೇ ಎಂದು ಆಳೊಬ್ಬ ತಿಳಿಸಿದಾಗ ಕೆಂಚರಾಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನು ಬಾಯಿ ತೆರೆದ, ನಕ್ಕ. "ಹೆಂಗಸನ್ನ ಕೇಳಿ ಡೇರೆ ಹೊಡೆಯೋ ಕಾಲ ಇನ್ನೂ ಬಂದಿಲ್ಲ ನಂಗೆ," ಎಂದು ಹೊಂಗೆಮರದ ನೆರಳಿಗೆ ಕೈ ತೋರಿಸಿದ. ಮಾಳಕ್ಕನಿಗೆ ಆಗ ಆದ ಸಂತೋಷ ಅವಳ ಮದುವೆಯ ದಿನವೂ ಆಗಿರಲಿಲ್ಲವಂತೆ. ಅದು ಕಾಣದಂತೆ ಅವಳು ತಲೆ ತಗ್ಗಿಸಿದಳು.

ಎಲ್ಲರೂ ಹೋದ ಮೇಲೆ ಕುದುರೆ ಕಾಯುವ ಮುದುಕ ಚೌಡಪ್ಪ ಹಿಂದುಳಿದು ಬಂದು, "ಅವ್ವಾ, ಕುದುರೆಗಳನ್ನ ಎಲ್ಲಿ ಕಟ್ಟಲಿ?" ಎಂದು ಕೇಳಿದ. ಮಾಳಕ್ಕ ಬೆಚ್ಚಿದಳು. ಇವನು ಹೋಗಿ ಒಡೆಯನಿಗೆ ಹೇಳಿದರೆ ಅವಳ ಒಂದು ವರ್ಷದ ಹುಲ್ಲು ನೀರುಪಾಲು. ಆದರೂ ಕೇಳಿದವನಿಗೆ ಕೇಳಿದ್ದನ್ನು ಹೇಳಲೇಬೇಕಿತ್ತು. "ಬೋಳಿನಾಗೆ ಕಟ್ಟು ಯಜಮಾನ. ನೀನೂ ಅಲ್ಲೇ ಇರು. ಬಿಸಿಲು ತಿರುಗಿದ ಮೇಲೆ ಪಡುವಲ ಗಾಳಿ ಏಳ್ತದೆ," ಎಂದಳು. ಚೌಡಪ್ಪ ಓಡಿಹೋಗಿ ಅದನ್ನು ದಳವಾಯಿಗೆ ಹೇಳಿಯೂ ಹೇಳಿದ. "ಬಿಸಿಲಲ್ಲಿ ಬೇಯೋದು ನಿನಗೂ ಕುದುರೆಗೂ ಇರಲಿ," ಎಂದು ಕೆಂಚರಾಯ ಮತ್ತೆ ನಕ್ಕ. ವಿನಾಶಕಾಲಕ್ಕೆ ವಿಪರೀತ ಬುದ್ಧಿ.

ಮಧ್ಯಾಹ್ನ ಹೊಂಗೆಯ ಬುಡದಲ್ಲಿ ಒಲೆ ಹೂಡಿದರು. ಕೆಂಚರಾಯ ಹೊಟ್ಟೆ ಬಿರಿಯೆ ಉಂಡು ಡೇರೆಯಲ್ಲಿ ಮಲಗಿದ. ಮಾಳಕ್ಕ ಹೇಳಿದ್ದ ಹೊತ್ತಿಗೇ ಗಾಳಿ ಎದ್ದಿತು, ಅವನದೇ ಒಲೆಯ ಕಿಡಿ ಹುಲ್ಲಿಗೆ ಹಾರಿತು. ಚೌಡಪ್ಪ ಕಿರುಚುತ್ತ ಕೈಬೀಸಿದ್ದರಿಂದ ಆಳುಗಳೆಲ್ಲ ಬರಿಗಾಲಲ್ಲಿ ಬೋಳಿಗೆ ಓಡಿಬಂದು ಉಳಿದುಕೊಂಡರು. ದಳವಾಯಿ ಎಚ್ಚತ್ತು ಹೊರಬರುವಾಗ ನಾಲ್ಕೂ ಕಡೆ ಬೆಂಕಿ. ಹತ್ತಿ ಓಡಲು ಕುದುರೆಯಿಲ್ಲ. ಕುದುರೆಗಳೆಲ್ಲ ಬೋಳಿನಲ್ಲಿ ಸುಖವಾಗಿದ್ದವು. ಹೊಗೆಯ ನಡುವೆ ಕಲ್ಲಿನ ಮೇಲೆ ಕುಳಿತ ಹೆಂಗಸು ಅವನಿಗೆ ಕಂಡಳು. ಆಗ ಅವನು ಕೇಳಿದ. "ಎಲ್ಲಿ ಹೋಗಲಿ? ಅವ್ವಾ, ಎಲ್ಲಿ ಹೋಗಲಿ?" ಎಂದು ಎರಡು ಸಲ ಕೂಗಿದ.

ಮಾಳಕ್ಕ ಎದ್ದು ನಿಂತಳು. ಕೇಳಿದವನಿಗೆ ನಿಜ ಹೇಳಬೇಕು. ಅವಳು ಬೆಂಕಿಯ ಸುತ್ತನ್ನು ಒಮ್ಮೆ ಪೂರ್ತಿ ನೋಡಿದಳು, ಎಲ್ಲಾದರೂ ಸಂದಿದೆಯೇ ಎಂದು ನಿಜವಾಗಿಯೂ ಹುಡುಕಿದಳು. ಆಮೇಲೆ ಅವನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಇನ್ನು ಎಲ್ಲೂ ಇಲ್ಲ."

ಕೋಟೆಯಿಂದ ವಿಚಾರಣೆಗೆ ಜನ ಬಂದರು. ಚೌಡಪ್ಪನೇ ಸಾಕ್ಷಿ ಹೇಳಿದ: ಆಕೆ ಕೇಳಿದವರಿಗೆಲ್ಲ ಹೇಳಿದ್ದಾಳೆ, ಸುಳ್ಳು ಒಂದೂ ಹೇಳಿಲ್ಲ. ಬಂದವರು ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದರು. ಮಾಳಕ್ಕ ಆ ರಾತ್ರಿ ಗಂಡನ ಗುಡ್ಡೆಯ ಬಳಿ ಕುಳಿತು ಮೊದಲ ಬಾರಿಗೆ ಅತ್ತಳೆನ್ನುತ್ತಾರೆ.

ಹೊಂಗೆಮರ ಈಗಲೂ ಇದೆ. ಅದರ ಒಂದು ಮಗ್ಗುಲ ತೊಗಟೆ ಕಪ್ಪಾಗಿರುವುದನ್ನು ಹೋದವರು ನೋಡಬಹುದು. ಕಲ್ಲನ್ನು ಕೇಳಿ, ಬೋಳಿನಲ್ಲಿ ಟೆಂಟು ಹಾಕಿ, ಚಹಾ ಕುಡಿಯುತ್ತ ಕುಳಿತ ಅತಿಥಿಗಳು ಹಟ್ಟಿಯ ಹಿರಿಯಳಾದ ಕರಿಯಕ್ಕನನ್ನು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಅಷ್ಟು ಒಳ್ಳೆಯ ಮೇವು, ದನಕ್ಕೆ ಬಿಡದೆ ವರ್ಷ ವರ್ಷ ಯಾಕೆ ಒಣಗಿಸುತ್ತೀರಿ?

ಕರಿಯಕ್ಕ ಎಲೆಅಡಿಕೆ ಉಗುಳಿ, ಆ ಹುಲ್ಲಿನ ಕಡೆ ನೋಡುತ್ತಾಳೆ.

"ಇರಲಿ ಬಿಡಿ," ಎನ್ನುತ್ತಾಳೆ. "ಕೇಳದವನು ಇನ್ನೊಬ್ಬ ಬಂದರೆ ಬೇಕಾಗ್ತದೆ."