ಪಿಸ್ತೂಲಿನ ಬೆಳ್ಳಿ ಹಿಡಿ

ಮುದ್ದಯ್ಯ ಅಜ್ಜನ ಕಾಲದ ಪಿಸ್ತೂಲಿಗೆ ಬೆಳ್ಳಿಯ ಹಿಡಿ ಹಾಕಿಸಿ, ಮದುವೆಗೆ ಹೊರಡುವಾಗ ಸೊಂಟದ ರೇಷ್ಮೆ ಪಟ್ಟಿಗೆ ಸಿಕ್ಕಿಸಿಕೊಂಡ. ಅಲ್ಲಿ ಒರೆಯೊಳಗೆ ಪೀಚೆಕತ್ತಿ ಮೊದಲೇ ಇತ್ತು.

"ನೀನು ಬರೀ ಅಲಂಕಾರಕ್ಕೆ. ಒಮ್ಮೆಯಾದರೂ ಒರೆಯಿಂದ ಹೊರಬಂದದ್ದುಂಟೇ?" ಎಂದು ಪಿಸ್ತೂಲು ಹಂಗಿಸಿತು.

"ಮದುವೆಮನೆಯಲ್ಲಿ ಹೊರಬಂದು ಮಾಡುವುದೇನಿದೆ?" ಎಂದಿತು ಕತ್ತಿ.

ಚಪ್ಪರದಲ್ಲಿ ನೆಂಟರೆಲ್ಲ ಬೆಳ್ಳಿ ನೋಡಲು ಮುತ್ತಿಕೊಂಡರು, ಪಿಸ್ತೂಲು ಹಿಗ್ಗಿಹೋಯಿತು. ಊಟದ ಹೊತ್ತಿಗೆ ಭಾವ ಏನೋ ತಮಾಷೆ ಮಾಡಿದ್ದಕ್ಕೆ ರೇಗಿದ ಮುದ್ದಯ್ಯ, ಪಿಸ್ತೂಲು ಎಳೆದು ಅವನ ಎದೆಗೆ ಹಿಡಿದ. ಬೆಳ್ಳಿ ಮುಷ್ಟಿಯೊಳಗೆ ಅಡಗಿತು. ಎಲ್ಲರಿಗೂ ಕಂಡದ್ದು ಅದರ ಕರಿಬಾಯಿ. ವಾಲಗ ನಿಂತಿತು. ಈಗಷ್ಟೇ ಹಿಡಿಯನ್ನು ಸವರಿ ಮೆಚ್ಚಿದ್ದ ಅಜ್ಜಿಯೇ ಮೊಮ್ಮಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಮುದ್ದಯ್ಯ ತಲೆತಗ್ಗಿಸಿ ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

"ಅಣ್ಣಾ, ಸ್ವಲ್ಪ ಈ ಕಡೆ ಸರಿದುಕೊಳ್ಳಿ," ಎಂದು ಪಿಸ್ತೂಲು ಕತ್ತಿಯನ್ನು ಬೇಡಿಕೊಂಡಿತು. "ನನ್ನ ಬೆಳ್ಳಿ ಯಾರಿಗೂ ಕಾಣದಿರಲಿ."